ಅವಳಿಗೆ ಮಾಡಿಸಿದ್ದೇ ನನಗೂ

ನಮ್ಮ ಬೀದಿಯ ಗಾಜಿನಂಗಡಿಯಾಕೆಯ ಹೊಟ್ಟೆಕಿಚ್ಚಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದು. ಎದುರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತ ಕೂತಿರುವ ನನಗಿಂತ ಇದು ಯಾರಿಗೆ ಚೆನ್ನಾಗಿ ಗೊತ್ತು? ಕೆಲಸದಲ್ಲಿ ಮಾತ್ರ ಆಕೆಗೆ ಸಾಟಿಯಿಲ್ಲ. ಆಳೆತ್ತರದ ಗಾಜಿನ ಮೇಲೆ ಕಟರ್ ಎಳೆದು ಒಮ್ಮೆ ತಟ್ಟಿದರೆ ಗೆರೆ ತಪ್ಪದೆ ಎರಡಾಗುತ್ತದೆ. ಗಂಡ ಚೌಕಟ್ಟು ಕೂರಿಸುತ್ತಾನೆ, ಬೈಸಿಕೊಳ್ಳುತ್ತಾನೆ.

ಪಕ್ಕದ್ದೇ ಮೈದುನನ ಹೆಂಡತಿಯ ಹಾಸಿಗೆ ಅಂಗಡಿ. ಆ ಓರಗಿತ್ತಿ ಬೋರ್ಡಿಗೆ ದೀಪ ಹಾಕಿಸಿದರೆ ಈಕೆಯೂ ಹಾಕಿಸಬೇಕು. ಅವಳು ಬಾಗಿಲಿಗೆ ನೀಲಿ ಬಳಿಸಿದರೆ ಈಕೆಗೆ ಅದಕ್ಕಿಂತ ಗಾಢ ನೀಲಿ ಬೇಕು.

ಒಂದು ದಿನ ಓರಗಿತ್ತಿಯ ಅಂಗಡಿಗೆ ಇನ್ಶೂರೆನ್ಸ್ ಬ್ರೋಕರ್ ಬಂದ. ಹತ್ತಿಯ ಮೂಟೆ, ವೈರಿಂಗು ಎಲ್ಲ ನೋಡಿ ಬಹಳ ಹೊತ್ತು ಮಾತಾಡಿದ. ಈಕೆ ಗಾಜು ಒರೆಸುವ ನೆಪದಲ್ಲಿ ಹೊರಗೇ ನಿಂತಿದ್ದಳು.

"ನೋಡಿದ್ರಾ? ಅವಳಿಗಾದ್ರೆ ಬಾಗಿಲಿಗೇ ಬರ್ತಾರೆ. ನಾವೇನು ಮಣ್ಣು ಮಾರ್ತೀವಾ?" ಎಂದು ನನ್ನ ಮೇಲೆ ಉರಿದುಬಿದ್ದು, ಹೊರಟವನನ್ನು ತಡೆದು ಒಳಗೆ ಕರೆದುಕೊಂಡು ಹೋದಳು. ಏನು ತಮಾಷೆಯೋ ಎಂದು ನಾನೂ ಹಿಂದೆಯೇ ಹೋದೆ.

ಮನುಷ್ಯ ಒಳ್ಳೆಯವನು. ಒಂದೇ ಕಂಪನಿಗೆ ಅಂಟಿಕೊಂಡವನಲ್ಲ, ನಾಲ್ಕು ಕಡೆ ವಿಚಾರಿಸಿ ಹೊಂದುವುದನ್ನು ತರುವವನು. ಗಾಜು ಹೇಗೆ ಬರುತ್ತದೆ, ಯಾರು ಇಳಿಸುತ್ತಾರೆ, ಯಾವುದಕ್ಕೆ ಒರಗಿಸುತ್ತೀರಿ ಎಂದೆಲ್ಲ ಕೇಳಿದ.

"ನಿಮಗೆ ಬೆಂಕಿಗಿಂತ ಒಡೆಯೋದೇ ಭಯ, ಅಮ್ಮಾ. ಅದಕ್ಕೇ ಅಂತ ಬೇರೆ ಪಾಲಿಸಿ ಇದೆ."

"ಅವಳಿಗೆ ಯಾವುದು ಮಾಡಿಸಿದ್ರಿ?"

"ಅವರದು ಹತ್ತಿ. ಬೆಂಕಿಗೆ ಮಾಡಿಸ್ದೆ."

"ನನಗೂ ಅದೇ ಮಾಡ್ಸಿ. ಒಳ್ಳೇದನ್ನ ಅವಳಿಗೆ ಕೊಟ್ಟು ಮಿಕ್ಕಿದ್ದನ್ನ ನನಗೆ ದಾಟಿಸ್ಬೇಡಿ."

"ಎರಡೂ ಸೇರ್ಸಿ ಮಾಡ್ಸೋಣ್ವಾ?"

"ಅವಳಿಗಿಲ್ಲದ ಖರ್ಚು ನನಗ್ಯಾಕೆ?"

ಗಂಡ ಏನೋ ಹೇಳಲು ಬಾಯಿ ತೆರೆದ. "ನೀವು ಸುಮ್ನಿರಿ," ಎಂದಳು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಅನ್ನುತ್ತಾರಲ್ಲ, ಹಾಗಾಯಿತು. ಸಹಿ ಹಾಕಿದ ದಿನ ಮಾತ್ರ ಆಕೆ ನನಗೂ ಚಹಾ ಕೊಡಿಸಿದಳು.

ಮುಂದೆ ಹೊಸ ಜವಳಿ ಅಂಗಡಿಯೊಂದಕ್ಕೆ ಗೋಡೆಯುದ್ದದ ಕನ್ನಡಿಗಳ ಆರ್ಡರ್ ಬಂತು. ಗಂಡಹೆಂಡತಿ ಇದ್ದಬದ್ದದ್ದನ್ನೆಲ್ಲ ಸುರಿದು ಸರಕು ತರಿಸಿದರು. ಮಾರನೆಯ ಬೆಳಿಗ್ಗೆ ಕನ್ನಡಿಗಳನ್ನು ಒರಗಿಸಿದ್ದ ಸ್ಟ್ಯಾಂಡಿನ ಕಾಲು ಮುರಿಯಿತು. ಬೀದಿಯೆಲ್ಲ ನಡುಗುವಂಥ ಸದ್ದು. ನಾನು ಓಡಿಹೋದೆ. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಒಂದು ಕನ್ನಡಿಯೂ ಉಳಿದಿರಲಿಲ್ಲ. ಆಕೆಯ ಬಾಯಿಂದ ಬಂದ ಮೊದಲ ಮಾತು, "ಷಟರ್ ಎಳೀರಿ, ಅವಳು ನೋಡ್ತಾಳೆ!"

ಬ್ರೋಕರ್ ತಕ್ಷಣ ಬಂದ. ಕಂಪನಿಗೆ ಫೋನ್ ಮಾಡಿದ, ವಾದಿಸಿದ, ಕೊನೆಗೆ ಫೋನ್ ಜೇಬಿಗಿಟ್ಟ.

"ಬೆಂಕಿಯಿಂದ ಆದದ್ದಲ್ಲ ಅಂತಾರೆ, ಅಮ್ಮಾ. ಏನೂ ಸಿಗಲ್ಲ."

ಆಕೆ ಪಕ್ಕದಂಗಡಿಯ ಕಡೆ ಕೈ ತೋರಿಸಿದಳು.

"ಇದೇ ಪಾಲಿಸೀಲಿ ಅವಳ ಅಂಗಡಿ ಗಾಜು ಒಡೆದಿದ್ರೆ? ಅವಳಿಗೆ ಸಿಗ್ತಿತ್ತಾ?"

"ಇಲ್ಲಮ್ಮ. ಅವರಿಗೂ ಸಿಗ್ತಿರ್ಲಿಲ್ಲ."

ಆಕೆಯ ಮುಖ ಒಂದು ಗಳಿಗೆ ಸಡಿಲವಾಯಿತು. ನಾನು ಕಣ್ಣಾರೆ ಕಂಡೆ, ಅದು ನೆಮ್ಮದಿಯೇ.

ಅಷ್ಟರಲ್ಲಿ ಓರಗಿತ್ತಿ ಷಟರ್ ಎತ್ತಿಕೊಂಡು ಪೊರಕೆ ಸಮೇತ ಒಳಗೆ ಬಂದಳು. "ಅಕ್ಕಾ, ಬರಿಗಾಲಲ್ಲಿದ್ದೀಯ, ಅಲ್ಲಾಡಬೇಡ," ಎಂದು ಬಗ್ಗಿ ಚೂರು ಗುಡಿಸತೊಡಗಿದಳು.

ಆಕೆ ಅವಳನ್ನು ನೋಡಿದಳು, ನೆಲ ನೋಡಿದಳು.

"ನಿನ್ನಂಗಡೀಲಿ ಒಡೆಯೋಕೆ ಏನಿದ್ಯೇ!" ಎಂದವಳೇ ಸ್ಟೂಲಿನ ಮೇಲೆ ಕುಸಿದು ಗೊಳೋ ಎಂದು ಅತ್ತಳು.