ದಿಬ್ಬಣಕ್ಕೆ ಬಂದ ಕುದುರೆ

ನಮ್ಮ ಕುಟುಂಬದಲ್ಲಿ ಕುದುರೆಯ ವಿಷಯ ಗೊತ್ತಿರುವುದು ನನಗೊಬ್ಬಳಿಗೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಕಾರಣ ಇಷ್ಟೇ: ಮುಂಬೈಯಲ್ಲಿ ನಾನೂ ನನ್ನ ಗಂಡನೂ ನಡೆಸುತ್ತಿದ್ದ ಕ್ಯಾಂಟೀನು ಒಂದು ಕುದುರೆ ಲಾಯದ ಪಕ್ಕದಲ್ಲಿತ್ತು. ನಾನು ಇಡ್ಲಿ ಮಾರಿದವಳು. ಲಾಯದವರು ಚಹಾಕ್ಕೆ ಬಂದಾಗ ಕಿವಿಗೆ ಬಿದ್ದದ್ದು, ಕಿಟಕಿಯಲ್ಲಿ ಕಂಡದ್ದು, ಅಷ್ಟೇ ನನ್ನ ವಿದ್ಯೆ. ಆದರೂ ಅಣ್ಣನ ಮಗನ ಮದುವೆಗೆ ಕುದುರೆ ಬಂತು ಎಂದಾಗ ಊರಿಗೆ ಮರಳಿ ಯಡ್ತರೆಯಲ್ಲಿದ್ದ ನನಗೆ ಫೋನು ಬಂತು.

"ಹ್ವಾಯ್, ಒಂದ್ಸಲ ಬಂದ್ ಕಾಣ್ ಮಾರಾಯ್ತಿ. ಮಗನ್ನ ಹತ್ಸುಕ್ ಆತ್ತಾ ಇಲ್ಯಾ, ನೀನೇ ಹೇಳ್," ಎಂದ ಅಣ್ಣ.

ಕುದುರೆ ಎರವಲಿನದು. ಹಂಗಾರಕಟ್ಟೆಯ ಆಚೆ ಕಡಲ ತೀರದಲ್ಲಿ ಪ್ರವಾಸಿಗರಿಗೆ ಸವಾರಿ ಕೊಡುವವರೊಬ್ಬರು ಅಣ್ಣನ ದೋಸ್ತಿ. ಬಾಡಿಗೆ ಬೇಡ, ಹುಲ್ಲು ನೀರು ನೋಡಿಕೊಂಡರೆ ಸಾಕು ಎಂದು ಬಿಟ್ಟುಹೋಗಿದ್ದರು. ಹೋಗುವಾಗ, ಇದಕ್ಕೆ ಸ್ವಲ್ಪ ಸಿಟ್ಟು ಜಾಸ್ತಿ ಎಂದೂ ಹೇಳಿದ್ದರಂತೆ.

ಬ್ರಹ್ಮಾವರದ ಕಡೆಯ ಅಣ್ಣನ ಮನೆಯ ಅಂಗಳಕ್ಕೆ ನಾನು ಕಾಲಿಡುವಾಗಲೇ ಒಂದು ಪ್ಲಾಸ್ಟಿಕ್ ಬಕೇಟು ಒಡೆದು ಬಿದ್ದಿತ್ತು. ಅಣ್ಣ ಹುಟ್ಟಿದಾಗಿನಿಂದ ಕಂಬಳದ ಕೋಣಗಳ ಜೊತೆಗೇ ಬೆಳೆದವನು. ಕೋಣವನ್ನು ಮಾತಾಡಿಸುವುದೆಂದರೆ ಅವನ ಲೆಕ್ಕದಲ್ಲಿ ಹಿಂದಿನಿಂದ ಹೋಗಿ ಬೆನ್ನ ಮೇಲೆ ರಪ್ಪನೆ ಒಂದು ಬಿಡುವುದು. ಕುದುರೆಗೂ ಹಾಗೇ ಮಾಡಿದ್ದಾನೆ. ಒದ್ದ ಕಾಲು ಅವನನ್ನು ಬಿಟ್ಟು ಬಕೇಟಿಗೆ ತಾಗಿದ್ದು ಅವನ ಪುಣ್ಯ.

"ಕೋಣ ಅಲ್ಲ ಅದ್! ಹಿಂದಿಂದ ಹೋಪುಕಾಗ. ಅದಕ್ಕೆ ಹಿಂದೆ ಯಾರಿದ್ರ್ ಅಂತ ಕಾಣ್ತಿಲ್ಲೆ," ಎಂದು ಚೆನ್ನಾಗಿಯೇ ಬೈದೆ. ಎದುರಿನಿಂದ ಹೋಗಿ ಅಂಗೈಯಲ್ಲಿ ಬೆಲ್ಲ ಹಿಡಿದರೆ ಪ್ರಾಣಿ ತಲೆ ತಗ್ಗಿಸಿತು. ಸದ್ದಿಗೆ ಬೆದರುತ್ತದೋ ನೋಡಲು ತುಸು ದೂರದಲ್ಲಿ ಗರ್ನಾಲು ಪಟಾಕಿ ಹೊಡೆಸಿದೆವು. ಕಿವಿ ಅಲ್ಲಾಡಿಸಿದ್ದು ಬಿಟ್ಟರೆ ಏನೂ ಇಲ್ಲ. ಬ್ಯಾಡ, ಬ್ಯಾಡ ಎನ್ನುತ್ತಲೇ ಇದ್ದ ಅತ್ತಿಗೆಯೂ ಸುಮ್ಮನಾದರು. ದಿಬ್ಬಣದ ಜನ ಕುದುರೆಯ ಮುಂದೆಯೇ ನಡೆಯಬೇಕು ಎಂದು ಹೇಳಿ ಒಪ್ಪಿಬಿಡೋಣ ಅಂತಲೇ ನನಗೂ ಅನಿಸಿತ್ತು.

ಮದುಮಗ ನನ್ನನ್ನು ಪಕ್ಕಕ್ಕೆ ಕರೆದ. ಎರಡು ಮಳೆಗಾಲದ ಹಿಂದೆ ಸಾಸ್ತಾನದ ಹತ್ತಿರ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಅವನ ಎಡಗಾಲಿಗೆ ರಾಡ್ ಹಾಕಿದ್ದರು. ನಡೆಯುವಾಗ ಕುಂಟುತ್ತಾನೆ. ಇನ್ನೊಮ್ಮೆ ಬಿದ್ದರೆ ಆ ಕಾಲನ್ನು ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಮನೆಯವರಿಗೆಲ್ಲ ಗೊತ್ತಿತ್ತು.

"ಅತ್ತೆ, ಹೂಂ ಅನ್ನಿ. ನಡ್ಕಂಡ್ ಹೋರೆ ಹೆಣ್ಣಿನ್ ಬದಿಯರೆಲ್ಲ ನನ್ ಕಾಲೇ ಕಾಣ್ತ್ರ್."

ಮುಂಬೈ ಶೋಕಿ ಎಂದು ನಾವೆಲ್ಲ ಗೇಲಿ ಮಾಡಿದ್ದ ಅವನ ಕುದುರೆಯ ಆಸೆಯ ಹಿಂದೆ ಇದ್ದದ್ದು ಇದು. ಆದರೆ ಸಂಕಟವಾಯಿತೆಂದು ಹೂಂ ಅನ್ನುವ ಹೆಂಗಸಲ್ಲ ನಾನು. ಮೊದಲು ಹತ್ತು, ನೋಡುತ್ತೇನೆ ಎಂದೆ.

ಜಗುಲಿಯ ಮೇಲೆ ನಿಂತು, ಕಂಬ ಹಿಡಿದು ಮೈಭಾರ ತೋಳಿಗೆ ಕೊಟ್ಟು, ಬಲಗಾಲು ಆಚೆ ಹಾಕಿ ಸಲೀಸಾಗಿ ಕೂತ. ಅಂಗಳದಲ್ಲಿ ಒಂದು ಸುತ್ತು ಬಂದ. ಚಂದವಾಗಿಯೇ ಕಾಣುತ್ತಿದ್ದ, ಅತ್ತಿಗೆ ಕಣ್ಣೊರೆಸಿಕೊಂಡರು.

"ಈಗ ಇಳಿ," ಎಂದೆ.

ಅಲ್ಲಿಯವರೆಗೆ ಇಳಿಯುವುದನ್ನು ಯಾರೂ ಯೋಚಿಸಿರಲಿಲ್ಲ. ಮದುವೆ ಛತ್ರದ ಬಾಗಿಲಲ್ಲಿ ಜಗುಲಿ ಇಲ್ಲ, ನೆಲಕ್ಕೇ ಇಳಿಯಬೇಕು. ಇಳಿಯುವಾಗ ಮೈಭಾರವೆಲ್ಲ ಜೀನಿಗೆ ತೂಗುಬಿಟ್ಟ ಕಬ್ಬಿಣದ ಬಳೆಯಲ್ಲಿ, ಎಡಗಾಲಿನ ಮೇಲೆ ನಿಲ್ಲಬೇಕು. ಅವನ ಕಾಲು ನಡುಗಿತು. ಬಲಗಡೆಯಿಂದ ಇಳಿಸಲು ನೋಡಿದರೆ ಕುದುರೆ ಸರ್ರನೆ ತಿರುಗಿತು. ಕುರ್ಚಿ ತಂದಿಟ್ಟರೆ ಕುರ್ಚಿಯಿಂದ ದೂರ ಸರಿಯಿತು. ಕಡೆಗೆ ಅಣ್ಣನೂ ನಾನೂ ಅವನನ್ನು ಅಕ್ಕಿಮುಡಿಯ ಹಾಗೆ ತಬ್ಬಿ ಇಳಿಸಿಕೊಂಡೆವು.

ಕುಂದಾಪುರದ ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆಯವರು ತಂಬಿಗೆ ಹಿಡಿದು ನಿಂತಿರುತ್ತಾರೆ. ಮದುಮಗನ ಕಾಲಿಗೆ ನೀರು ಹಾಕದೆ ಒಳಗೆ ಬಿಡುವ ಕ್ರಮವಿಲ್ಲ. ಆ ನೂಕುನುಗ್ಗಲಿನಲ್ಲಿ, ಅಷ್ಟು ಜನರ ಎದುರು, ಹಿಂದೆ ಯಾರು ನಿಂತರೂ ಒದೆಯುವ ಪ್ರಾಣಿಯ ಮೇಲಿಂದ ಇವನು ಇಳಿಯಬೇಕು.

"ಹತ್ತುಕ್ ಆತ್ತ್ ಮಗಾ. ಇಳುಕ್ ಆತಿಲ್ಲೆ. ಬ್ಯಾಡ," ಎಂದೆ.

ಅವನು ನನ್ನ ಜೊತೆ ಮಾತು ಬಿಟ್ಟ. ಬಿಡಲಿ, ಕಾಲು ಉಳಿಯಿತಲ್ಲ ಎಂದುಕೊಂಡೆ.

ಮದುವೆಯ ದಿನ ಬಸ್ಸಿಳಿದಲ್ಲಿಂದ ಛತ್ರದವರೆಗೆ ದಿಬ್ಬಣ ಅವನ ಕುಂಟುನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಹೋಯಿತು. ಬ್ಯಾಂಡಿನವರು ಮತ್ತೆ ಮತ್ತೆ ಮುಂದೆ ಹೋಗಿ ನಿಂತು ಕಾಯುತ್ತಿದ್ದರು. ಛತ್ರದ ಬಾಗಿಲಲ್ಲಿ ತಂಬಿಗೆ ಹಿಡಿದ ಬೀಗರ ಪಕ್ಕದಲ್ಲಿ ಹೆಣ್ಣಿನ ಅಜ್ಜಿ ಇದ್ದರು. ಅವರಿಗೆ ಕಿವಿ ಮಂದ, ಹಾಗಾಗಿ ಸ್ವರ ದೊಡ್ಡದು.

"ಗಂಡಿನ್ ಕಾಲಿಗ್ ಎಂತ ಆಯ್ತ್?"

ಎಲ್ಲರೂ ತಿರುಗಿದರು. ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು, ಒಳ್ಳೆಯ ಉತ್ತರವೇನಲ್ಲ. ಅಷ್ಟರಲ್ಲಿ ಅವನೇ ಮಾತಾಡಿದ. ಅಜ್ಜಿಗೆ ಕೇಳಬೇಕಲ್ಲ, ಕೂಗಿಯೇ ಹೇಳಬೇಕಾಯಿತು.

"ಬೈಕಿಂದ ಬಿದ್ದಿದ್ದೆ ಅಜ್ಜಿ! ಒಳಗ್ ರಾಡ್ ಇತ್ತ್! ರಾಡ್!"

ಛತ್ರಕ್ಕೆ ಛತ್ರವೇ ಕೇಳಿಸಿಕೊಂಡಿತು. ನೀರಿಗೆ ಬಲಗಾಲು ಮೊದಲು ಎಂದರು ಭಟ್ಟರು. ಬಲಗಾಲು ಎತ್ತಬೇಕಾದರೆ ಎಡಗಾಲಿನ ಮೇಲೆ ನಿಲ್ಲಬೇಕು. ಅದು ಅವನಿಂದ ಆಗದು. ನಾನು ಹಿಡಿಯಲು ಮುಂದೆ ಹೋದೆ.

"ಯಾವ್ದಾರೂ ಕೊಡ್ ಮಗಾ," ಎಂದರು ಅಜ್ಜಿ. "ಎರ್ಡೂ ನಮ್ದೇ ಅಲ್ದಾ ಇನ್ನ್?"

ಅವನು ನನ್ನ ಹೆಗಲು ಹಿಡಿದುಕೊಂಡು, ಪಂಚೆ ಎತ್ತಿ, ಎಡಗಾಲನ್ನೇ ಮುಂದೆ ಚಾಚಿದ.