ಅಕ್ಕನ ಗಿಡಕ್ಕೆ ಔಷಧ ಹೊಡೆದವನು

ಕಳೆದ ವಾರ ನನ್ನ ಅಕ್ಕನ ಮುಖಕ್ಕೆ ವಿಷ ಹತ್ತಿತು. ಹತ್ತಿಸಿದವನು ನಾನು.

ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತಿಂದಿದೆ. ಬೈಲಹೊಂಗಲದ ನಮ್ಮ ಮನೆಯಲ್ಲೇ ಇರುತ್ತಾಳೆ. ಯರಗಟ್ಟಿಯಲ್ಲಿರುವ ತನ್ನ ಮಗಳು ತಂದುಕೊಟ್ಟ ಗಿಡವೊಂದನ್ನು ಬಾಗಿಲ ಪಕ್ಕದ ಕುಂಡದಲ್ಲಿ ಹಚ್ಚಿದ್ದಳು. ನಾನದನ್ನು ಸರಿಯಾಗಿ ನೋಡಿದವನೇ ಅಲ್ಲ. (ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಓಡಿಸುವವನಿಗೆ ಮನೆ ಎಂದರೆ ಮಲಗುವ ಜಾಗ, ಅಷ್ಟೇ.)

ಸೀಸನ್ ಮುಗಿಸಿ ಎಂ.ಕೆ. ಹುಬ್ಬಳ್ಳಿಯಿಂದ ಸಂಜೆ ಬಂದೆ. ಬಾಗಿಲಲ್ಲೇ ನಿಂತುಬಿಟ್ಟೆ. ಗಿಡದ ತುಂಬ ಕೆಂಪು ಕಂಬಳಿಹುಳ! ಗೇಣುದ್ದ, ಮೈತುಂಬ ರೋಮ, ಜೋತುಬಿದ್ದು ತೂಗಾಡುತ್ತಿವೆ. ಗಾಳಿಗೆ ಅಲ್ಲಾಡಿದ್ದು ನನಗೆ ಹರಿದಾಡಿದಂತೆ ಕಂಡಿತು. ಹತ್ತಿ ಬೆಳೆದವನು ಹುಳ ಕಂಡು ಸುಮ್ಮನಿರುತ್ತಾನೆಯೇ?

ಫೋಟೋ ತೆಗೆದು ಹೊಲದ ಔಷಧ ಮಾರುವ ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ಮಸುಕು ಫೋಟೋ. ಹುಳವೇ ಇರಬೇಕು ಎಂದ. ಪಕ್ಕದ ಮನೆಯ ದಸ್ತಗೀರಣ್ಣನನ್ನು ಕರೆದು ತೋರಿಸಿದೆ. ಅವನು ದೂರದಿಂದಲೇ ನೋಡಿ, ಮಕ್ಕಳು ಮುಟ್ಟಿಯಾರು ಹುಷಾರು ಎಂದ. ಹತ್ತಿಗೆ ತಂದು ಉಳಿದಿದ್ದ ಔಷಧವನ್ನು ಪಂಪಿಗೆ ಹಾಕಿ, ಗಿಡ ತೊಯ್ಯುವಂತೆ ಹೊಡೆದೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನಿಗೆ ವಾಸನೆ ಬಂದಿತ್ತಂತೆ. ತಮ್ಮ ಪಂಪು ತೊಳೆಯುತ್ತಿದ್ದಾನೆ ಅಂದುಕೊಂಡಳಂತೆ.

ಬೆಳಿಗ್ಗೆ ಹೆಂಡತಿ ಚೀರಿದ್ದು ಕೇಳಿ ಓಡಿದೆ. ಅಕ್ಕ ಕುಂಡದ ಹತ್ತಿರ ಕುಸಿದು ಕೂತಿದ್ದಳು. ಕೆನ್ನೆ ಕೆಂಡ, ತುಟಿ ಬಾತಿತ್ತು, ಕಣ್ಣಲ್ಲಿ ಧಾರೆ ನೀರು. ದಿನಾ ಬೆಳಿಗ್ಗೆ ಆ ಕೆಂಪು ಗೊಂಚಲುಗಳನ್ನು ಅಂಗೈಯಲ್ಲಿ ಹಿಡಿದು ಕೆನ್ನೆಗೆ ಸವರಿಕೊಳ್ಳುವುದು ಅವಳ ರೂಢಿ. ಹೆಂಡತಿಗೆ ಗೊತ್ತಿತ್ತು. ನನಗೆ ಯಾಕೆ ಗೊತ್ತಿರಲಿಲ್ಲ?

ಕೊಡಗಟ್ಟಲೆ ನೀರು ಸುರಿದು ತೊಳೆದೆವು. ಆಟೋದಲ್ಲಿ ದವಾಖಾನೆಗೆ ಒಯ್ದೆವು. ಹೊಟ್ಟೆಗೆ ಹೋಗಿಲ್ಲ, ಬದುಕಿದಿರಿ ಎಂದು ಡಾಕ್ಟರು ನನಗೇ ಬೈದರು. ಏಳನೇ ಇಯತ್ತೆಯವರೆಗಷ್ಟೇ ಶಾಲೆ ಕಲಿತವನು ನಾನು. ಆದರೆ ಇದಕ್ಕೆ ಸಾಲಿ ಬೇಕಿತ್ತೇ?

ಮರುದಿನ ಮನೆಗೆ ಬಂದ ಮೇಲೆ ಅವಳ ಹಾಸಿಗೆಯ ಹತ್ತಿರ ಕೂತು, ಹುಳ ಅಂತ ತಿಳಿದು ಹೊಡೆದೆ ಎಂದೆ.

"ಹುಳ ಅಲ್ಲೋ ತಮ್ಮಾ, ಹೂ ಅದು. ಬೆಕ್ಕಿನ ಬಾಲ ಅಂತಾರ. ನನ್ನ ಒಂದ್ ಮಾತು ಕೇಳಬಾರದಿತ್ತೇನು?"

"ನಿನಗ ಕಾಣೂದಿಲ್ಲಲ್ಲಕ್ಕಾ, ಅದಕ್ಕ..." ಬಾಯಿಂದ ಜಾರಿತು.

ಅವಳು ಹಾಸಿಗೆಯಲ್ಲಿ ಎದ್ದು ಕೂತಳು. "ಕಾಣೂದಿಲ್ಲ, ಖರೆ. ಬಾಯಿ ಐತಿ ಅಲ್ಲೋ."

ನಾವು ಹೀಗೇ ಅಲ್ಲವೇ? ಕಣ್ಣಿಲ್ಲದವರ ಕೈ ಹಿಡಿದು ರಸ್ತೆ ದಾಟಿಸುತ್ತೇವೆ, ತಾಟಿನಲ್ಲಿ ಬಡಿಸುತ್ತೇವೆ, ಮಾತ್ರೆ ಕೊಡುತ್ತೇವೆ. ಅವರಿಗೂ ಏನಾದರೂ ಗೊತ್ತಿರಬಹುದು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ.

ಕೆನ್ನೆಯ ಬಾವು ಇಳಿದಿದೆ. ಆದರೆ ಈಗ ಅಕ್ಕ ಏನನ್ನು ಮುಟ್ಟುವುದಿದ್ದರೂ ಮೊದಲು ನನ್ನನ್ನು ಕೇಳುತ್ತಾಳೆ, ಕುಡಿಯುವ ನೀರಿನ ಲೋಟವನ್ನು ಕೂಡ.