ಹೊಲಿಗೆ ಬಿಚ್ಚುವ ಜಂಬಮ್ಮ

ಸತ್ಯನಾರಾಯಣಪೇಟೆಗೆ ಮನೆ ಬದಲಿಸಿದ ಹೊಸದರಲ್ಲಿ ನಾನು ಜಂಬಮ್ಮನವರನ್ನು ಗಂಡನ ಮೇಲೆ ಹಗೆ ತೀರಿಸಿಕೊಳ್ಳುತ್ತಿರುವ ಹೆಂಗಸು ಎಂದೇ ತಿಳಿದಿದ್ದೆ. ತಪ್ಪು ನನ್ನದಲ್ಲ, ಅವರ ಮನೆಯ ಕಿಟಕಿಯದು. ಬೆಳಿಗ್ಗೆ ಹಾಲು ತರಲು ಹೋಗುವಾಗ ಅದು ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ ಸಿಗುತ್ತಿತ್ತು. ಒಳಗೆ ಐವತ್ತು ದಾಟಿದ ಜಂಬಮ್ಮ ಗೋಡೆಗೆ ಒರಗಿ ಕೂತು, ಮಡಿಲಲ್ಲಿ ಗಂಡಸರ ಪ್ಯಾಂಟೊಂದನ್ನು ಹರವಿಕೊಂಡು, ಅರ್ಧ ಬ್ಲೇಡು ಹಿಡಿದು ಅದರ ಕಾಲು ಬೇರೆ ಸೊಂಟ ಬೇರೆ ಮಾಡುತ್ತಿದ್ದರು. ಮರುದಿನ ನೋಡಿದರೆ ಇನ್ನೊಂದು ಪ್ಯಾಂಟು. ಅದರ ಮರುದಿನ ಮತ್ತೊಂದು. ಮುಖದಲ್ಲಿ ಸಿಟ್ಟಿಲ್ಲ, ಕೈಯಲ್ಲಿ ಅವಸರವಿಲ್ಲ. ನನಗೆ ಹೆಚ್ಚು ಭಯವಾಗುತ್ತಿದ್ದುದೇ ಅದರಿಂದ.

ಗಂಡ ಪಾಲಯ್ಯ ಬಟ್ಟೆಯ ಗಂಟು ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಓಡಿಸುವವನು. ಮೂಲೆಯ ಚಹಾದಂಗಡಿಯಲ್ಲಿ ಸಿಕ್ಕಾಗೆಲ್ಲ ನಾನು ಅವನ ಪ್ಯಾಂಟನ್ನು ಕನಿಕರದಿಂದ ನೋಡುತ್ತಿದ್ದೆ. ಉಳಿದಿರುವುದು ಇದೊಂದೇ ಇರಬೇಕು ಎಂದುಕೊಂಡು ಚಹಾ ಕುಡಿಸುತ್ತಿದ್ದೆ, ಜೊತೆಗೆ ಒಂದು ಮಿರ್ಚಿ ಬಜ್ಜಿ. "ಮನ್ಯಾಗ ಎಲ್ಲಾ ಆರಾಮೇನು ಪಾಲಯ್ಯ?" ಎಂದರೆ "ಆರಾಮ ಸಾರ್" ಎಂದು ನಿಟ್ಟುಸಿರು ಬಿಡುತ್ತಿದ್ದ. ಹೀಗೆ ಎರಡು ತಿಂಗಳು ನಿಟ್ಟುಸಿರು ಬಿಟ್ಟ. ಕಡೆಗೊಂದು ದಿನ ನಾನೇ ಧೈರ್ಯ ಮಾಡಿ, ನಾಲ್ಕು ಜನ ಹಿರಿಯರನ್ನು ಕೂರಿಸಿ ಮಾತಾಡಿಸೋಣವೇ ಎಂದು ಕೇಳಿದೆ. ಪಾಲಯ್ಯ ಬಾಯಲ್ಲಿದ್ದ ಮಿರ್ಚಿಯನ್ನು ಪೂರ್ತಿ ನುಂಗಿ, ಆಮೇಲೆ ಹೇಳಿದ.

"ಸಾರ್, ಅವು ನನ್ನ ಪ್ಯಾಂಟಲ್ಲ. ಫ್ಯಾಕ್ಟ್ರಿವು. ಹೊಲಿಗಿ ಸೊಟ್ಟ ಬಿದ್ದವನ್ನ ಬಿಚ್ಚಾಕ ಮನಿಗೆ ಕೊಡ್ತಾರ."

"ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲೋ?"

"ನೀವು ಕೇಳ್ಲಿಲ್ಲಲ್ರಿ. ಚಾ ಕುಡೀತೀಯೇನು ಅಂತ ಕೇಳಿದ್ರಿ, ಹೂಂ ಅಂದೆ."

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಓಣಿಗೆ ಹತ್ತು ಜನ ಸಿಗುತ್ತಾರೆ. ಹೊಲಿದದ್ದನ್ನು ಬಟ್ಟೆಗೆ ಒಂದು ಗೀರೂ ಬೀಳದಂತೆ ಬಿಚ್ಚುವವರನ್ನು ಹುಡುಕಿಕೊಂಡು ಹೋಗಬೇಕು. ಜಂಬಮ್ಮ ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ. ಮದುವೆಯವರೆಗೆ ಹತ್ತಿ ಬಿಡಿಸಿದರು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಜೀನ್ಸ್ ಘಟಕ ಸೇರಿದರು. ಮೊದಲ ವಾರವೇ ಪಕ್ಕದವಳು ಕೆಡಿಸಿದ ಪ್ಯಾಂಟನ್ನು ಬಿಚ್ಚಿ ಸರಿಮಾಡಿ ಕೊಟ್ಟದ್ದನ್ನು ಮೇಸ್ತ್ರಿ ನೋಡಿದ. ಅಲ್ಲಿಗೆ ಅವರ ಹಣೆಬರಹ ನಿರ್ಧಾರವಾಯಿತು. ಇಪ್ಪತ್ತೆರಡು ವರ್ಷ ಇತರರ ತಪ್ಪುಗಳನ್ನೇ ನೋಡಿದ್ದಾರೆ. ನಾನೂ ಸರಕಾರಿ ಕಚೇರಿಯೊಂದರಲ್ಲಿ ಅಷ್ಟೇ ವರ್ಷ ಅದೇ ಕೆಲಸ ಮಾಡಿದ್ದೇನೆ. ವ್ಯತ್ಯಾಸವೆಂದರೆ, ನಾನು ನೋಡಿ ಸಹಿ ಹಾಕುತ್ತೇನೆ.

ನಮ್ಮ ಓಣಿಯಲ್ಲಿ ಸೂಜಿಮಲ್ಲಿಗೆ ಹೊಲಿಗೆ ಬಳಗ ಅಂತ ಒಂದಿದೆ. ಹದಿನಾರು ಹೆಂಗಸರು, ಐದು ಮಷೀನು. ಬುಧವಾರ ಮತ್ತು ಶನಿವಾರ ಅಧ್ಯಕ್ಷರ ಮನೆಯ ಮೇಲಂತಸ್ತಿನಲ್ಲಿ ಸೇರುತ್ತಾರೆ. ಜೀನ್ಸ್ ಘಟಕಗಳಲ್ಲಿ ಉಳಿದ ತುಂಡು ಬಟ್ಟೆ ತಂದು, ಯಾರಿಗಾದರೂ ಬೇಕಾದದ್ದನ್ನು ಕೂಡಿ ಹೊಲಿಯುತ್ತಾರೆ. ಒಂದು ವರ್ಷ ಅಂಗನವಾಡಿ ಮಕ್ಕಳಿಗೆ ಕೂರುವ ಚಾಪೆ, ಕಳೆದ ಬೇಸಿಗೆಯಲ್ಲಿ ಬೀದಿ ಗುಡಿಸುವವರಿಗೆ ಕಿವಿ ಮುಚ್ಚುವ ಟೋಪಿ. ಮೀನಾಕ್ಷಿ ಮೇಡಂ ಹನ್ನೊಂದು ವರ್ಷದಿಂದ ಅಧ್ಯಕ್ಷರು. ಬೇರೆ ಯಾರ ಮನೆಗೂ ಮೇಲಂತಸ್ತು ಇಲ್ಲದ ಕಾರಣ ಪ್ರತಿ ಸಲವೂ ಅವಿರೋಧವಾಗಿ ಆಯ್ಕೆಯಾಗುತ್ತಾರೆ. ಅವರಿಗೆ ಎರಡು ಕನ್ನಡ ಬರುತ್ತದೆ. ಒಂದು ನಮ್ಮ ನಿಮ್ಮಂಥದ್ದು. ಇನ್ನೊಂದು ವೇದಿಕೆಯದು. ಎರಡನೆಯದು ಬಾಯಿಗೆ ಬಂತೆಂದರೆ ಸಿಟ್ಟು ಬಂದಿದೆ ಎಂದು ತಿಳಿಯಬೇಕು.

ಬಳಗದಲ್ಲಿ ಮಷೀನಿಗೆ ಕೂರದವರು ಜಂಬಮ್ಮ ಒಬ್ಬರೇ. ಕಿಟಕಿಯ ಬಳಿ ಅವರ ಜಾಗ. ಯಾರು ಏನೇ ಹೊಲಿಯಲಿ, ಅದು ಅವರ ಮಡಿಲು ದಾಟಿಯೇ ಹೊರಗೆ ಹೋಗಬೇಕು. ಕುರುಗೋಡಿನ ನೂರಜಹಾನ್ ಬಳಗದಲ್ಲೇ ಚುರುಕಿನ ಕೈ. ಅವಳ ತಂದೆ ಅಲ್ಲಿ ಆಟೋಗಳಿಗೆ ಟಾಪು ಹೊಲಿಯುತ್ತಿದ್ದರು. ಅವಳಿಗೂ ರಿಯಾಯಿತಿ ಇಲ್ಲ.

"ಇಲ್ಲೀತನ ನೆಟ್ಟಗ ಬಂದೀ. ಇಲ್ಲಿ ಫೋನು ಬಂದೈತಿ" ಎಂದು ಜಂಬಮ್ಮ ಹೊಲಿಗೆಯ ಮೇಲೆ ಉಗುರಿಡುತ್ತಾರೆ.

"ಫೋನಲ್ಲ ಜಂಬಕ್ಕ, ಸಣ್ಣಾಕಿ ಸಾಲಿಯಿಂದ ಬಂದ್ಲು."

"ಬರ್ಲಿ. ಬಾಗ್ಲ ತೆಗಿಯಾಕ ನೀ ಏಳಬೇಕು. ಹೊಲಿಗಿ ಯಾಕ ಎದ್ದು ಹೋತು?"

ಅಂಥ ಜಂಬಮ್ಮ ಬಳಗ ಸೇರಿದ ಆರು ವರ್ಷದಲ್ಲಿ ಒಂದೇ ಒಂದು ಸಲಹೆ ಕೊಟ್ಟರು, ಹೋದ ವರ್ಷ ಮಳೆಗಾಲ ಮುಗಿಯುವಾಗ. ಹತ್ತಿ ಬಿಡಿಸುವ ಹೆಂಗಸರು ಹಳೇ ಸೀರೆಯನ್ನು ಸೊಂಟಕ್ಕೆ ಜೋಳಿಗೆಯಂತೆ ಕಟ್ಟಿಕೊಳ್ಳುತ್ತಾರೆ. ತುಂಬುತ್ತ ಹೋದಂತೆ ಗಂಟು ಸೊಂಟವನ್ನು ಕೊರೆಯುತ್ತದೆ. ಇಲ್ಲವೇ ಸಡಿಲಾಗಿ, ಬಿಡಿಸಿದ್ದೆಲ್ಲ ಮಣ್ಣಿಗೆ ಬೀಳುತ್ತದೆ. ಅದರ ಬದಲು ಜೀನ್ಸ್ ಬಟ್ಟೆಯಲ್ಲಿ ಹೆಗಲಿಗೆ ಎರಡು ಪಟ್ಟಿ ಇರುವ ಚೀಲ ಹೊಲಿದು, ಹಚ್ಚೊಳ್ಳಿಯ ಐವತ್ತು ಜನರಿಗೆ ಕೊಟ್ಟರೆ ಹೇಗೆ ಎಂದರು. ಎಲ್ಲರಿಗೂ ಹಿಡಿಸಿತು. ಬಳಗದ ಕೀರ್ತಿ ತಾಲ್ಲೂಕಿನ ಗಡಿ ದಾಟುತ್ತದೆ ಎಂದು ಅಧ್ಯಕ್ಷರಿಗೆ ಇನ್ನೂ ಹೆಚ್ಚು ಹಿಡಿಸಿತು. ಜಂಬಮ್ಮ ಅಂದೇ ತವರಿಗೆ ಫೋನು ಮಾಡಿ, ಅಣ್ಣನ ಹೆಂಡತಿ ಎಲ್ಲಮ್ಮನಿಗೆ ಹೇಳಿಬಿಟ್ಟರು, ಹರಿಯದಂಥ ಚೀಲ ಬರುತ್ತಿವೆ ಎಂದು. ಎಲ್ಲಮ್ಮನಿಗೆ ಹೇಳಿದರೆ ಸಾಕು, ಊರಿಗೆ ಡಂಗುರ ಬೇಕಿಲ್ಲ.

ಚೀಲ ಹಂಚುವ ಕಾರ್ಯಕ್ರಮ ಭಾನುವಾರ, ಹಚ್ಚೊಳ್ಳಿಯಲ್ಲಿ. ಹಿಂದಿನ ದಿನ ಮಧ್ಯಾಹ್ನ ನನಗೆ ಕರೆ ಬಂತು, ಬ್ಯಾನರಿನ ಕಾಗುಣಿತ ನೋಡಲು. ಹೋದ ಮೇಲೆ ತಿಳಿಯಿತು, ಒಪ್ಪಿದ್ದ ಮುಖ್ಯ ಅತಿಥಿ ತಪ್ಪಿಸಿಕೊಂಡಿದ್ದರಿಂದ ಆ ಜಾಗಕ್ಕೂ ನಾನೇ ಎಂದು. ಆಮಂತ್ರಣ ಪತ್ರಿಕೆಯಲ್ಲಿ "ಅಧ್ಯಕ್ಷರು ಸ್ವಹಸ್ತದಿಂದ ಹೊಲಿದ ಹನ್ನೆರಡು ಚೀಲಗಳೂ ಸೇರಿದಂತೆ" ಎಂಬ ಸಾಲು ದಪ್ಪಕ್ಷರದಲ್ಲಿತ್ತು. ಆ ಹನ್ನೆರಡನ್ನು ದೂರದಿಂದಲೇ ಗುರುತಿಸಬಹುದಿತ್ತು. ಉಳಿದವಕ್ಕೆ ಜೀನ್ಸಿನ ದಪ್ಪ ಹಳದಿ ದಾರ, ಇವಕ್ಕೆ ರವಿಕೆ ಹೊಲಿಯುವ ತೆಳು ಗುಲಾಬಿ ದಾರ. ಫೋಟೋದಲ್ಲಿ ಎದ್ದು ಕಾಣುತ್ತದಂತೆ.

ಜಂಬಮ್ಮನ ಪರೀಕ್ಷೆ ನಡೆದಿತ್ತು. ಚೀಲವನ್ನು ಕಿಟಕಿಯ ಕೊಕ್ಕೆಗೆ ತೂಗುಹಾಕಿ, ಒಳಗೆ ಒಂದು ರುಬ್ಬುವ ಗುಂಡು ಇಡುವುದು. ಮೂವತ್ತೆಂಟು ಚೀಲ ಅಲುಗಲಿಲ್ಲ. ಮೂವತ್ತೊಂಬತ್ತನೆಯದು ಗುಲಾಬಿ. ಗುಂಡು ಧಡ್ಡನೆ ನೆಲಕ್ಕೆ ಬಿತ್ತು. ಕೆಳಗಿನಿಂದ ಅಧ್ಯಕ್ಷರ ಯಜಮಾನರು "ಏನ್ರಿ ಅದು?" ಎಂದು ಕೂಗಿದರು. ನಲವತ್ತನೆಯದಕ್ಕೂ ಅದೇ ಗತಿ. ನಂತರ ನೂರಜಹಾನ್ ಕೊಕ್ಕೆಯ ಕೆಳಗೊಂದು ದಿಂಬು ಇಟ್ಟಳು. ಉಳಿದ ಹತ್ತು ಸಲವೂ ಗುಂಡು ದಿಂಬು ಸೇರಿತು.

ಇದನ್ನು ಮೇಡಂಗೆ ಹೇಳುವವರು ಯಾರು? ಹೆಂಗಸರೆಲ್ಲ ಒಮ್ಮೆಲೇ ಬಾಬಿನಿಗೆ ದಾರ ಸುತ್ತತೊಡಗಿದರು. ನಾನು ಬ್ಯಾನರಿನಲ್ಲಿ ಇಲ್ಲದ ತಪ್ಪನ್ನು ಹುಡುಕಿದೆ. ಜಂಬಮ್ಮ ಯಾರನ್ನೂ ಕೇಳದೆ ಅರ್ಧ ಬ್ಲೇಡು ತೆಗೆದುಕೊಂಡು, ಕೂತು ಬಿಚ್ಚಲು ಶುರುಮಾಡಿದರು. ಆಗ ಮೀನಾಕ್ಷಿ ಮೇಡಂ ಸನ್ಮಾನದ ಶಾಲುಗಳ ಕಟ್ಟು ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಅದು ನಾ ಹೊಲಿದಿದ್ದಲ್ಲೇನು ಜಂಬಮ್ಮ?"

"ಹೂಂನ್ರಿ. ಪಟ್ಟಿ ನಿಂದ್ರವಲ್ದು."

"ನಾಳೆ ಫಂಕ್ಷನ್ ಐತಿ. ಹತ್ತಿ ಬಿಡಿಸೋದು ದೀಪಾವಳಿ ಆದಮ್ಯಾಲ. ಈಗ ಕೊಡೋಣ, ಆಮ್ಯಾಲ ತರಿಸ್ಕಂಡು ರಿಪೇರಿ ಮಾಡಿದ್ರಾತು."

"ಹೊಲದಾಗ ಹರಿದ್ರ ಯಾರು ತಂದು ಕೊಡ್ತಾರ್ರಿ? ನಾ ಊರಾಗ ಹೇಳೀನಿ, ಹರಿಯಂಗಿಲ್ಲಂತ. ಹರೀತಂದ್ರ ತವರು ಮನಿ ಹೊಸ್ತಿಲ ನಾ ತುಳಿಯಂಗಿಲ್ಲ."

ಮೇಡಂ ವೇದಿಕೆಯ ಕನ್ನಡಕ್ಕೆ ಏರಿದರು. "ಬಳಗದ ಶಿಸ್ತು ಎಂಬುದೊಂದಿದೆ. ಬ್ಲೇಡು ಕೆಳಗಿಡಿ. ಇಲ್ಲವಾದರೆ ನಾಳೆಯಿಂದ ನೀವು ಬರುವ ಅಗತ್ಯವಿಲ್ಲ."

"ನಾಳಿಂದ ಬರಂಗಿಲ್ರಿ" ಎಂದರು ಜಂಬಮ್ಮ, ದಾರ ಎಳೆಯುತ್ತ. "ಇವತ್ತು ಹನ್ನೆರಡು ಅದಾವು."

ಮಷೀನುಗಳೆಲ್ಲ ನಿಂತವು. ಪಟ್ಟಿ ನಿಲ್ಲದೆಂಬುದು ಸುಳ್ಳೆಂದು ತೋರಿಸಿಯೇ ಬಿಡುತ್ತೇನೆ ಎಂಬಂತೆ ಮೇಡಂ ಮುಂದೆ ಬಂದು, ಇನ್ನೂ ಬಿಚ್ಚದ ಒಂದು ಚೀಲದ ಪಟ್ಟಿ ಹಿಡಿದು ಜಗ್ಗಿದರು. ಪಟ್ಟಿ ವಿಧೇಯವಾಗಿ ಅವರ ಕೈಗೆ ಬಂತು. ಚೀಲ ಕೆಳಗೆ ಬಿತ್ತು. ಮೇಡಂ ಪಟ್ಟಿಯನ್ನೊಮ್ಮೆ ನೋಡಿದರು, ನಮ್ಮನ್ನೊಮ್ಮೆ ನೋಡಿದರು. ನಾನು ಬ್ಯಾನರು ನೋಡಿದೆ.

"ದಾರ ಸರಿ ಇಲ್ಲ" ಎಂದರು ಮೇಡಂ.

"ಹೂಂನ್ರಿ, ದಾರದ್ದ ತಪ್ಪು" ಎಂದರು ಜಂಬಮ್ಮ ತಡಮಾಡದೆ. "ದಾರ ಬದ್ಲಿ ಮಾಡೋಣ. ನಾ ಬಿಚ್ಚಿ ಕೊಡ್ತೀನಿ, ನೀವ ಹೊಲೀರಿ. ಕಾರ್ಡಿನಾಗ ನಿಮ್ಮ ಕೈಲೇ ಅಂತ ಐತಲ್ಲ."

ಕಾರ್ಡಿನಲ್ಲಿ ಇದ್ದದ್ದಂತೂ ನಿಜ. ಮೇಡಂ ಶಾಲುಗಳನ್ನು ನನ್ನ ಕೈಗೆ ಕೊಟ್ಟು ಮಷೀನಿಗೆ ಕೂತರು. ಹಳದಿ ದಾರದಲ್ಲಿ ಮೊದಲ ಪಟ್ಟಿ ಹೊಲಿದು ಕೊಟ್ಟರು. ಜಂಬಮ್ಮ ಅದನ್ನು ಮಗುಚಿ ನೋಡಿ, ಮತ್ತೆ ಬ್ಲೇಡು ಎತ್ತಿಕೊಂಡರು.

"ಈಗೇನಾತು?"

"ಇಲ್ಲಿ ನೀವು ನಾಳಿ ಭಾಷಣ ನೆನಿಸ್ಕಂಡೀರಿ."

ನೂರಜಹಾನ್ ನಗು ತಡೆಯಲಾರದೆ ನೀರು ಕುಡಿಯಲು ಎದ್ದು ಹೋದಳು. ಮೇಡಂ ನಗಲಿಲ್ಲ. ನೆನೆಸಿಕೊಂಡದ್ದು ನಿಜವಿರಬೇಕು. ದೀಪ ಹಚ್ಚುವ ಹೊತ್ತಿಗೆ ಹನ್ನೊಂದು ಚೀಲ ಗುಂಡಿನ ಪರೀಕ್ಷೆ ಗೆದ್ದವು. ಹನ್ನೆರಡನೆಯದನ್ನು ಮೂರು ಸಲ ಹೊಲಿದರೂ ಜಂಬಮ್ಮ ಒಪ್ಪಲಿಲ್ಲ. "ಇದು ಇರ್ಲಿ. ನಿಮ್ಮ ಕೈ ಸೋತೈತಿ" ಎಂದು ಮಡಿಚಿಟ್ಟರು. ಅಧ್ಯಕ್ಷರ ಕೈಯೂ ಸೋಲುತ್ತದೆ ಎಂದು ಆ ಮೇಲಂತಸ್ತಿನಲ್ಲಿ ಯಾರೋ ಹೇಳಿದ್ದು ಅದೇ ಮೊದಲು.

ಭಾನುವಾರ ಚೀಲಗಳು ಪಾಲಯ್ಯನ ಗಾಡಿಯಲ್ಲಿ, ನಾವು ಟೆಂಪೋದಲ್ಲಿ, ಸಿರುಗುಪ್ಪ ದಾಟಿ ಹಚ್ಚೊಳ್ಳಿ ಸೇರಿದೆವು. ಶಾಲೆಯ ಜಗಲಿಯಲ್ಲಿ ಸಭೆ. ನಾನು ಏನು ಮಾತಾಡಿದೆನೋ ನನಗೂ ನೆನಪಿಲ್ಲ, ಕೇಳಿದವರಿಗೂ ಇರಲಾರದು. ಮೀನಾಕ್ಷಿ ಮೇಡಂ ಮಾತ್ರ ಚೆನ್ನಾಗಿ ಮಾತಾಡಿದರು. "ಈ ಚೀಲಗಳನ್ನು ನಾನು ಸ್ವಹಸ್ತದಿಂದ ಹೊಲಿದಿದ್ದೇನೆ. ಒಮ್ಮೆ ಅಲ್ಲ, ಕೆಲವನ್ನು ಮೂರು ಬಾರಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಜಂಬಮ್ಮನೂ ತಟ್ಟಿದರು.

ಸಾಲಿನಲ್ಲಿ ಐವತ್ತು ಜನ, ಚೀಲ ನಲವತ್ತೊಂಬತ್ತು. ಜಂಬಮ್ಮ ಎಲ್ಲಮ್ಮನನ್ನು ಬೇಕೆಂದೇ ಕೊನೆಗೆ ನಿಲ್ಲಿಸಿದ್ದರು. ಎಲ್ಲಮ್ಮ ಖಾಲಿ ಗಂಟನ್ನು ಕೊಡವಿ ನೋಡಿದಳು.

"ಊರಿಗೆಲ್ಲಾ ಹಂಚಿ, ಅಣ್ಣನ ಹೇಣ್ತಿಗೆ ಬರಿಗೈಯೇನ ಜಂಬವ್ವ?"

"ನಿಂದು ಇನ್ನಾ ಬಿಚ್ಚೋದೈತಿ ಅತ್ತಿಗಿ. ಬುಧವಾರ ಆದಮ್ಯಾಲ ಕಳಿಸ್ತೀನಿ."

"ಹೊಲಿಯೋರು ಹದಿನೈದು ಮಂದಿ, ಬಿಚ್ಚಾಕಿ ನೀನೊಬ್ಬಾಕಿ. ಆದ್ರೂ ನೀನ ಗೆದ್ದಿಯಲ್ಲ."

ಬುಧವಾರ ಜಂಬಮ್ಮ ಎಂದಿನಂತೆ ಕಿಟಕಿಯ ಬಳಿ ಇದ್ದರು. ನಾಳೆಯಿಂದ ಬರುವ ಅಗತ್ಯವಿಲ್ಲ ಎಂದದ್ದನ್ನು ಮೇಡಂ ನೆನಪಿಸಲಿಲ್ಲ. ಬದಲಿಗೆ ಹನ್ನೆರಡನೆಯ ಚೀಲವನ್ನು ತಾವೇ ಹುಡುಕಿ ತೆಗೆದು, ಮಷೀನಿಗೆ ಕೂತರಂತೆ. ಒಂದೇ ಸಲಕ್ಕೆ ಪಾಸಾಯಿತಂತೆ. ಆ ಮಧ್ಯಾಹ್ನವೆಲ್ಲ ಮೇಡಂ ನಮ್ಮ ನಿಮ್ಮಂಥ ಕನ್ನಡವನ್ನೇ ಮಾತಾಡಿದರು ಎಂದು ನೂರಜಹಾನ್ ಸಾಕ್ಷಿ ಹೇಳಿದಳು.

ಸಂಕ್ರಾಂತಿ ಕಳೆದ ಮೇಲೆ ಎಲ್ಲಮ್ಮ ಬಟ್ಟೆ ಕೊಳ್ಳಲು ಬಳ್ಳಾರಿಗೆ ಬಂದಳು. ಅಂದು ನಾನೂ ಜಂಬಮ್ಮನವರ ಮನೆಯಲ್ಲಿದ್ದೆ. ಪಾಲಯ್ಯ ಕುಡಿದ ಚಹಾಗಳನ್ನು ಒಂದೊಂದಾಗಿ ವಾಪಸು ಕುಡಿಯುವುದು ಈಗ ನನ್ನ ರೂಢಿ. ಜಂಬಮ್ಮ ಗೋಡೆಗೆ ಒರಗಿ ಪ್ಯಾಂಟು ಬಿಚ್ಚುವ ಕೆಲಸದಲ್ಲಿದ್ದರು. ಎಲ್ಲಮ್ಮ ವರದಿ ಒಪ್ಪಿಸಿದಳು. ಮೂರು ಸಲ ಹತ್ತಿ ಬಿಡಿಸಿದ್ದಾಯಿತು, ಐವತ್ತರಲ್ಲಿ ಒಂದೂ ಹರಿದಿಲ್ಲ. ಒಬ್ಬಾಕೆ ಅದರಲ್ಲಿ ಶೇಂಗಾ ಹೊತ್ತು ತಂದಳು. ಇನ್ನೊಬ್ಬಾಕೆ ಮಗುವನ್ನೇ ಕೂರಿಸಿಕೊಂಡು ಕಾಲುವೆ ದಾಟಿ ಆಸ್ಪತ್ರೆಗೆ ಹೋಗಿ ಬಂದಳು. "ಈಗ ಊರಾಗೆಲ್ಲಾ ಮೀನಾಕ್ಷಮ್ಮನ ಚೀಲ, ಮೀನಾಕ್ಷಮ್ಮನ ಚೀಲ ಅಂತ ಅದರದ ಮಾತು" ಎಂದಳು.

ನನಗೆ ಯಾಕೋ ಸಹಿಸಲಾಗಲಿಲ್ಲ. ಮುಖ್ಯ ಅತಿಥಿಯಾಗಿದ್ದವನ ಗತ್ತಿನಲ್ಲೇ ಕೇಳಿದೆ.

"ಅಲ್ಲ ಜಂಬಮ್ಮ, ಐವತ್ತು ಮಂದ್ಯಾಗ ಒಬ್ರೂ ನಿಮ್ಮ ಹೆಸರು ಹೇಳ್ಲಿಲ್ಲಲ್ಲ. ನಿಮಗ ಬ್ಯಾಸರ ಆಗ್ಲಿಲ್ಲೇನು?"

ಜಂಬಮ್ಮ ಪ್ಯಾಂಟಿನಿಂದ ಕಣ್ಣು ಎತ್ತಲಿಲ್ಲ.

"ಹರಿದಿದ್ರ ಹೇಳ್ತಿದ್ರು ಸಾರ್."